ಹತ್ತುವ ಮುನ್ನ ಗಾಡಿಯ ಗುರುತು

ಬೈಕು ಕಲಿಯುವವರಿಗೆ ನಾವು ಕ್ಲಚ್ಚು ಬಿಡುವುದನ್ನು, ಗೇರು ಹಾಕುವುದನ್ನು ತಾಳ್ಮೆಯಿಂದ ಹೇಳಿಕೊಡುತ್ತೇವೆ. ಹತ್ತುವ ಮುನ್ನ ಗಾಡಿಯನ್ನು ನೋಡುವ ಪಾಠ ಮಾತ್ರ "ಎಲ್ಲ ಸರಿ ಇದೆಯಾ ನೋಡ್ಕೊ" ಎಂಬ ಒಂದು ಮಾತಿಗೆ ಮುಗಿದುಹೋಗುತ್ತದೆ. ಹೊಸ ಸವಾರನ ತೊಡಕು ಇರುವುದು ಅಲ್ಲೇ. ಸರಿ ಇರುವ ಬ್ರೇಕು ಕೈಗೆ ಹೇಗೆ ಸಿಗುತ್ತದೆ, ಗಾಳಿ ಸರಿ ಇರುವ ಟೈರು ಎಷ್ಟು ಬಿಗಿಯಾಗಿರುತ್ತದೆ ಎಂಬುದು ಅವನಿಗೆ ತಿಳಿಯದು. ತಿಳಿಯದವನು ಏನನ್ನು ನೋಡಿಯಾನು? ಬಹಳ ಕಾಲದ ಸವಾರಿ ನನಗೆ ಕಲಿಸಿದ್ದು ಇಷ್ಟು: ಹೊರಡುವ ಮುನ್ನ ಗಾಡಿಯನ್ನು ಮುಟ್ಟಿ ನೋಡುವುದರಿಂದ ಹೊಸಬರಿಗೆ ಸಿಗುವ ಮೊದಲ ಲಾಭ, ಕೆಡದ ಗಾಡಿಯ ಪರಿಚಯ. ಕೆಟ್ಟದ್ದನ್ನು ಕಂಡುಹಿಡಿಯುವ ಶಕ್ತಿ ಆಮೇಲೆ, ಅದರಿಂದಲೇ ಬರುತ್ತದೆ.

ಗಾಡಿ ಕೆಟ್ಟು ಆಗುವ ಅಪಘಾತಗಳೇ ಅಪರೂಪವಲ್ಲವೇ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಮುತ್ತ ಸುಮಾರು 900 ಬೈಕು ಅಪಘಾತಗಳನ್ನು ನಡೆದ ಜಾಗಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ವರದಿ ಕೊಟ್ಟರು. ವಾಹನದ ದೋಷದಿಂದಾದವು ಶೇ. 3ಕ್ಕಿಂತ ಕಡಿಮೆ, ಅವುಗಳಲ್ಲೂ ಹೆಚ್ಚಿನವು ಪಂಚರ್‌ನಿಂದ ಹತೋಟಿ ತಪ್ಪಿದವು. ಆದರೆ ಅದೇ ವರದಿಯಲ್ಲಿ ಇನ್ನೂ ಎರಡು ಮಾತುಗಳಿವೆ. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ನಿರ್ದಿಷ್ಟ ಬೈಕಿನ ಮೇಲೆ 5 ತಿಂಗಳ ಅನುಭವವೂ ಇರಲಿಲ್ಲ. ಒಟ್ಟು ಸವಾರಿಯ ಅನುಭವ ಮಾತ್ರ ಸುಮಾರು 3 ವರ್ಷದ್ದು. ಅಪಾಯ ತಪ್ಪಿಸಿಕೊಳ್ಳಲು ಸಾಮಾನ್ಯವಾಗಿ ಸಿಗುತ್ತಿದ್ದದ್ದು 2 ಸೆಕೆಂಡಿಗಿಂತ ಕಡಿಮೆ ಸಮಯ, ಅಷ್ಟರಲ್ಲಿ ಬಹುಪಾಲು ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸಿದರು, ಮುಂದಿನದನ್ನು ಸಾಕಷ್ಟು ಹಿಡಿಯಲಿಲ್ಲ. ಅಂದರೆ ಸವಾರಿ ಬಲ್ಲವರಿಗೂ ಆ ಗಾಡಿಯ ಪಳಗಿಕೆ ಸಾಲದಾಗಿತ್ತು. ಬೆಳಗಿನ ತಪಾಸಣೆಯೊಂದೇ ಅವರನ್ನು ಉಳಿಸುತ್ತಿತ್ತೆಂದು ನಾನು ಹೇಳಲಾರೆ. ಆದರೆ ಮುಂದಿನ ಬ್ರೇಕು ಎಷ್ಟು ಎಳೆದಾಗ ಕಚ್ಚುತ್ತದೆ ಎಂಬುದು ಬೆರಳಿಗೆ ಮೊದಲೇ ಗೊತ್ತಿರಬೇಕು. ಆ 2 ಸೆಕೆಂಡಿನಲ್ಲಿ ಕಲಿಯಲಾಗದು. ಗೆಳೆಯನ ಗಾಡಿ ಕೇಳಿ ಪಡೆದು ಹೊರಡುವ ಕಾಲೇಜು ಹುಡುಗ ಹುಡುಗಿಯರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಆದ್ದರಿಂದ ಉದ್ದದ ಪಟ್ಟಿಗಳ ಬಗ್ಗೆ ನನಗೆ ಭರವಸೆ ಕಡಿಮೆ. ಮೂವತ್ತು ಅಂಶದ ಪಟ್ಟಿಯನ್ನು ನಾಲ್ಕು ದಿನ ಪಾಲಿಸಿ ಕೈಬಿಡುತ್ತಾರೆ. ದಿನವೂ ಆಗುವಷ್ಟನ್ನೇ ಹಿಡಿದುಕೊಂಡರೆ ಅದು ಉಳಿಯುತ್ತದೆ. ಎರಡೂ ಟೈರುಗಳನ್ನು ಬಗ್ಗಿ ನೋಡಿ, ಹೆಬ್ಬೆರಳಿನಿಂದ ಒತ್ತಬೇಕು. ಹೆಬ್ಬೆರಳು ಪಿಎಸ್‌ಐ ಲೆಕ್ಕ ಹೇಳಲಾರದು, ನಿಜ. ಅದಕ್ಕೆ ವಾರಕ್ಕೊಮ್ಮೆ ಬಂಕಿನಲ್ಲೋ ಪಂಚರ್ ಅಂಗಡಿಯಲ್ಲೋ, ಟೈರು ತಣ್ಣಗಿರುವಾಗ, ಮೀಟರು ಹಿಡಿಯಬೇಕು. ರಾತ್ರಿಯೆಲ್ಲ ಗಾಳಿ ಇಳಿದ ಟೈರನ್ನಂತೂ ಕಣ್ಣು, ಬೆರಳು ಗುರುತಿಸುತ್ತವೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಗಾಳಿ ಸಾಮಾನ್ಯವಾಗಿ ನಿಧಾನಕ್ಕೆ ಹೋಗುತ್ತದೆ, ಹಾಗಾಗಿ ಬೆಳಿಗ್ಗೆ ಬಗ್ಗಿ ನೋಡಿದವರಿಗೆ ಅದು ಸಿಕ್ಕಿಬೀಳುತ್ತದೆ. ಟ್ಯೂಬ್ ಇರುವ ಟೈರು ಓಡುತ್ತಿರುವಾಗಲೇ ಒಮ್ಮೆಗೇ ಇಳಿದುಬಿಡಬಹುದು. ಅಲ್ಲಿ ಕಾಯುವುದು ಟೈರಿನ ಸವೆತದ ಮೇಲಿನ ನಿಗಾ. ನಮ್ಮ ನಿಯಮಗಳಲ್ಲಿ ದ್ವಿಚಕ್ರ ವಾಹನದ ಟೈರಿನ ಗೆರೆಗಳಿಗೆ ಕನಿಷ್ಠ 0.8 ಮಿ.ಮೀ. ಆಳ ಇರಬೇಕೆಂದಿದೆ, ಮಳೆಗಾಲದಲ್ಲಿ ಅಷ್ಟು ಸವೆಯುವವರೆಗೂ ಕಾಯಬಾರದು ಎಂಬುದು ನನ್ನ ಅಭಿಪ್ರಾಯ. ಆಮೇಲೆ ಎರಡೂ ಬ್ರೇಕು ಹಿಡಿದು, ಗಾಡಿಯನ್ನು ಮುಂದಕ್ಕೆ ತಳ್ಳಿ ನಿಲ್ಲುತ್ತದೆಯೇ ನೋಡುವುದು. ಹಿಡಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಎಂದು ಗೋಡೆಯ ಮೇಲಿನ ಬೆಳಕಿನಲ್ಲಿ ಕಾಣುವುದು. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸುವುದು. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರುತ್ತದೆಯೇ ನೋಡುವುದು. ಕೊನೆಗೆ ಸೈಡ್ ಸ್ಟ್ಯಾಂಡ್. ಎಡಕ್ಕೆ ವಾಲಿದಾಗ ಇಳಿಬಿಟ್ಟ ಸ್ಟ್ಯಾಂಡು ನೆಲಕ್ಕೆ ತಾಗಿದರೆ ಗಾಡಿ ಎತ್ತಿಹಾಕುತ್ತದೆ. ಇವೆಲ್ಲ ಸೇರಿ ಎರಡು ನಿಮಿಷದ ಕೆಲಸ.

ಸರ್ವೀಸಿಗೆ ಬಿಡುತ್ತೇವಲ್ಲ, ಮೆಕ್ಯಾನಿಕ್ ನೋಡುತ್ತಾನಲ್ಲ ಎನ್ನುವವರಿಗೆ ನನ್ನ ಉತ್ತರ ರಸ್ತೆಯಲ್ಲೇ ಇದೆ. ಎರಡು ಸರ್ವೀಸಿನ ನಡುವೆ ಸಾವಿರಾರು ಕಿಲೋಮೀಟರ್ ಓಡುತ್ತೇವೆ. ಮಲೆನಾಡಿನ ಆಷಾಢದ ಮಳೆಯಲ್ಲಿ ಚೈನಿನ ಎಣ್ಣೆ ಕೆಲವೇ ದಿನಗಳಲ್ಲಿ ತೊಳೆದುಹೋಗುತ್ತದೆ, ಡ್ರಮ್ ಬ್ರೇಕಿಗೆ ನೀರು ಹೊಕ್ಕರೆ ಹಿಡಿತ ಸಡಿಲವಾಗುತ್ತದೆ. ಮಂಡ್ಯ, ತುಮಕೂರು ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕುತ್ತಾರೆ. ಆ ಹುಲ್ಲು, ಸೊಪ್ಪೆ ಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ. ಸರ್ವೀಸ್ ಮಾಡಿದವನು ಮುಂದಿನ ತಿಂಗಳ ರಸ್ತೆಯನ್ನು ಕಂಡವನಲ್ಲ. ಹೊಸ ಗಾಡಿಗಳಲ್ಲಿ ಎಚ್ಚರಿಕೆಯ ದೀಪಗಳಿವೆ ಎಂಬುದೂ ಅರ್ಧ ಸಮಾಧಾನವೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು ದೊಡ್ಡ ಉಪಕಾರ. ಆದರೆ ಎಬಿಎಸ್ ದೀಪ ಹೇಳುವುದು ಎಬಿಎಸ್ ಬಗ್ಗೆ ಮಾತ್ರ. ನೆಲಕ್ಕೆ ಹಿಡಿತ ಕೊಡುವುದು ಟೈರು. ಅದು ಸವೆದಿದ್ದರೆ ಯಾವ ಎಬಿಎಸ್ಸೂ ಇಲ್ಲದ ಹಿಡಿತವನ್ನು ತಂದುಕೊಡಲಾರದು.

ಗಾಡಿಯ ಜೊತೆಗೆ ಸವಾರನೂ ತಪಾಸಣೆಗೆ ಒಳಪಡಬೇಕು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಈ ಅಂಕಿಗಳನ್ನು ಓದುವಾಗ ನನಗೆ ಎದೆ ಭಾರವಾಗುತ್ತದೆ, ಏಕೆಂದರೆ ಇದಕ್ಕೆ ಉಪಕರಣ, ಮೆಕ್ಯಾನಿಕ್ ಏನೂ ಬೇಕಿರಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿದೆಯೇ ಎಂದು ಬೆರಳು ತೂರಿಸಿ ನೋಡುವುದು ಟೈರು ಒತ್ತಿ ನೋಡಿದಷ್ಟೇ ಮುಖ್ಯ. ಹಿಂದೆ ಅಮ್ಮನೋ ಅಕ್ಕನೋ ಕೂತರೆ ಅವರ ಹೆಲ್ಮೆಟ್ಟು, ಸೆರಗು, ವೇಲು ಎಲ್ಲವೂ ಸವಾರನ ಹೊಣೆ. ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಬೇಕೆಂದು ನಿಯಮವೇ ಹೇಳುತ್ತದೆ. ಅಂದ ಕೆಡುತ್ತದೆಂದು ಅದನ್ನು ಬಿಚ್ಚಿಸುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಗಾಡಿಯ ಭಾರವೂ ಬದಲಾಗುತ್ತದೆ: ನೂರು ಸಿಸಿಯ ಗಾಡಿಗೆ ಒಬ್ಬರೇ ಇರುವಾಗ ಹಿಂದಿನ ಚಕ್ರಕ್ಕೆ 28 ಪಿಎಸ್‌ಐ ಆಸುಪಾಸು ಸಾಕಾದರೆ, ಇಬ್ಬರಿಗೆ ಅದಕ್ಕಿಂತ ಸಾಕಷ್ಟು ಹೆಚ್ಚು ಬೇಕು. ಎಷ್ಟೆಂಬುದು ಗಾಡಿಯ ಮೇಲಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಬರೆದಿರುತ್ತದೆ.

ಇದೆಲ್ಲ ಸವಾರನ ಶ್ರದ್ಧೆಗೆ ಬಿಟ್ಟ ವಿಷಯ ಎಂದು ಸುಮ್ಮನಿರಲು ನನಗೆ ಮನಸ್ಸಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ, ಚಾಲನಾ ಪರೀಕ್ಷೆಯಲ್ಲಿ ಅಭ್ಯರ್ಥಿ ಕನ್ನಡಿ ಸರಿಪಡಿಸಿಕೊಳ್ಳುವುದನ್ನೂ ಇಂಜಿನ್ ಚಾಲೂ ಮಾಡುವ ಮುನ್ನ ತಕ್ಕ ಎಚ್ಚರಿಕೆ ವಹಿಸುವುದನ್ನೂ ಆಗಲೇ ಕೇಳುತ್ತದೆ. ಆದರೆ ಜನರ ಮನಸ್ಸಿನಲ್ಲಿ ಆರ್‌ಟಿಒ ಪರೀಕ್ಷೆಯೆಂದರೆ ಕಾಲೂರದೆ 'ಎಂಟು' ಹಾಕುವುದು. ಎಂಟು ಹಾಕುವ ಮೊದಲು ಅಭ್ಯರ್ಥಿಯಿಂದ ಟೈರು, ಬ್ರೇಕು, ಹಿಂದಿನ ದೀಪ, ಸ್ಟ್ಯಾಂಡು ತೋರಿಸಿ ಹೇಳಿಸಲಿ, ಹೇಳಲಾಗದವರನ್ನು ಮತ್ತೊಂದು ದಿನ ಬರಹೇಳಲಿ. ಹೊಸ ಕಾನೂನು ಬೇಕಿಲ್ಲ. ಇರುವ ನಿಯಮದ ಆ ಒಂದು ಸಾಲನ್ನು ಪರೀಕ್ಷೆಯ ಅಂಗಳದಲ್ಲಿ ಜಾರಿಗೆ ತಂದರಾಯಿತು.