ಮೊಲಕ್ಕೆ ಪೆಲೆಟ್ ಆರಿಸುವುದು ಹೇಗೆ? ಮಲೆನಾಡಿನ ಮನೆಗಳಿಗೆ ಹಂತ ಹಂತದ ಕೈಪಿಡಿ

ಮಕ್ಕಳ ಹಟಕ್ಕೆ ಶಿವಮೊಗ್ಗದಿಂದ ಒಂದು ಮೊಲ ಮನೆಗೆ ಬಂದಿದೆ. ತಂದ ದಿನ ಕ್ಯಾರೆಟ್ ಕೊಟ್ಟಾಯಿತು, ಮರುದಿನ ಕೊತ್ತಂಬರಿ ಸೊಪ್ಪು. ಮೂರನೆಯ ದಿನ ಯಾರೋ ‘ಪೆಲೆಟ್ ಹಾಕಿ’ ಎಂದರು. ಸಾಗರದ್ದೋ ತೀರ್ಥಹಳ್ಳಿಯದ್ದೋ ಹಿಂಡಿ ಅಂಗಡಿಗೆ ಹೋದರೆ ಅಲ್ಲಿ ಕಡ್ಡಿಯಂಥ ಪೆಲೆಟ್‌ಗಳ ಚೀಲ ನಾಲ್ಕಾರು ಥರ. ಯಾವುದು ದನದ್ದು, ಯಾವುದು ಕೋಳಿಯದ್ದು, ಯಾವುದು ಮೊಲದ್ದು ಎಂದೇ ತಿಳಿಯುವುದಿಲ್ಲ. ಭಯಪಡಬೇಡಿ. ಚೀಲದ ಮೇಲಿನ ಮೂರ್ನಾಲ್ಕು ಸಾಲು ಓದಲು ಬಂದರೆ ಸಾಕು, ಉಳಿದದ್ದನ್ನು ನಿಮ್ಮ ಕಣ್ಣು, ಮೂಗು ನೋಡಿಕೊಳ್ಳುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಸಾಕುಮೊಲದ ವಿಷಯ. ಬ್ಯಾಣದಲ್ಲೋ ತೋಟದಂಚಿನಲ್ಲೋ ಕಾಣುವ ಕಾಡುಮೊಲದ ಮರಿಯನ್ನು ಎತ್ತಿ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ಮರಿ ಒಂಟಿಯಾಗಿ ಕಂಡರೆ ಅನಾಥ ಎಂದು ತಿಳಿಯಬೇಕಿಲ್ಲ, ತಾಯಿ ಹಾಲೂಡಿಸಲು ಮಾತ್ರ ಬಂದು ಹೋಗುತ್ತದೆ.

ಹಂತ 1: ಪೆಲೆಟ್‌ಗಿಂತ ಮೊದಲು ಹುಲ್ಲು ಹೊಂದಿಸಿ

ಮೊಲಕ್ಕೆ ಹುಲ್ಲೇ ಊಟ. ಪೆಲೆಟ್ ಎಂದರೆ ಎಲೆಯ ತುದಿಗೆ ಬಡಿಸುವ ಅಪ್ಪೆಮಿಡಿ ಉಪ್ಪಿನಕಾಯಿಯ ಹಾಗೆ, ಅಷ್ಟೇ. ತಿನ್ನುವುದರಲ್ಲಿ ನೂರಕ್ಕೆ 80 ಪಾಲಾದರೂ ಹುಲ್ಲಿರಬೇಕು. ಮೊಲದ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತಲೇ ಇರುತ್ತದೆ, ದವಡೆ ಹಲ್ಲೂ ಬೆಳೆಯುತ್ತದೆ. ಉದ್ದನೆಯ ಹುಲ್ಲನ್ನು ಗಂಟೆಗಟ್ಟಲೆ ಅರೆದರೇನೇ ಅವು ಸವೆಯುವುದು. ಪೆಲೆಟ್ ಎರಡು ಕಡಿತಕ್ಕೆ ಪುಡಿಯಾಗುತ್ತದೆ, ಅದರಿಂದ ಹಲ್ಲು ಸವೆಯದು.

ನಮ್ಮ ಕಡೆ ಹುಲ್ಲಿಗೆ ಬರವಿಲ್ಲ. ಗರಿಕೆ, ನೇಪಿಯರ್, ಬ್ಯಾಣದಿಂದ ಕೊಯ್ದು ಒಣಗಿಸಿದ ಹುಲ್ಲು ಎಲ್ಲವೂ ನಡೆಯುತ್ತದೆ. ಚುಚ್ಚುವ ತೆನೆಯಿರುವ ಹುಲ್ಲನ್ನು ಮಾತ್ರ ಆರಿಸಿ ತೆಗೆಯಿರಿ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಅದನ್ನು ಗೂಡಿಗೆ ಹಾಸಲು ಬಳಸಿ, ಅದೊಂದನ್ನೇ ನೆಚ್ಚಬೇಡಿ.

ಎಚ್ಚರ: ಮಳೆಗಾಲದಲ್ಲಿ ಅಡಿಕೆ ತೋಟದೊಳಗಿನ ಹುಲ್ಲು ಕೊಯ್ಯಬೇಡಿ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ಕೊನೆಯಿಂದ ಸೋರಿ ಕೆಳಗಿನ ಹುಲ್ಲಿನ ಮೇಲೆ ತಿಳಿನೀಲಿ ಕಲೆಯಾಗಿ ಕೂತಿರುತ್ತದೆ. ಅದರಲ್ಲಿರುವುದು ಮೈಲುತುತ್ತ, ಮೊಲದ ಹೊಟ್ಟೆಗೆ ಹೋಗಬಾರದು.

ಹಂತ 2: ಮೊಲವನ್ನು ತೂಗಿ, ಲೆಕ್ಕ ಹಾಕಿ

ಬುಟ್ಟಿಯಲ್ಲಿ ಕೂರಿಸಿ ತಕ್ಕಡಿಯ ಮೇಲಿಡಿ, ಆಮೇಲೆ ಬುಟ್ಟಿಯ ತೂಕ ಕಳೆಯಿರಿ. ಕಿವಿ ಹಿಡಿದು ಎತ್ತಲೇಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಬದಿಯ ಕೆಳಗೆ ಇರಲಿ.

ಬೆಳೆದ ಮೊಲಕ್ಕೆ ಮೈತೂಕದ ಒಂದು ಕಿಲೋಗೆ ದಿನಕ್ಕೆ ಹೆಚ್ಚೆಂದರೆ 25 ಗ್ರಾಂ ಪೆಲೆಟ್. 2 ಕಿಲೋ ಮೊಲವಾದರೆ 50 ಗ್ರಾಂ, ಅಂದರೆ ತಿಂಗಳಿಗೆ ಒಂದೂವರೆ ಕಿಲೋ. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. ಆರೇಳು ತಿಂಗಳೊಳಗಿನ ಮರಿಯಾದರೆ ಬೆಳವಣಿಗೆಗೆ ಹೆಚ್ಚು ಬೇಕು, ಅಷ್ಟು ಕಟ್ಟುನಿಟ್ಟು ಬೇಡ.

ಹಂತ 3: ‘ಮೊಲದ ಪೆಲೆಟ್’ ಎಂದೇ ಕೇಳಿ

ಇದು ಸಣ್ಣ ವಿಷಯವಲ್ಲ. ಕೋಳಿ ಆಹಾರ ನೋಡಲು ಮೊಲದ ಪೆಲೆಟ್‌ನಂತೆಯೇ ಇರಬಹುದು. ಆದರೆ ಕೋಳಿಗಳ ರಕ್ತಭೇದಿ ತಡೆಯಲು ಅದರಲ್ಲಿ ಸಲಿನೋಮೈಸಿನ್, ನರಾಸಿನ್‌ನಂಥ ಔಷಧಿ ಬೆರೆಸಿರುವುದುಂಟು. ಕೋಳಿಗೆ ಮದ್ದಾದ ಅದು ಮೊಲಕ್ಕೆ ವಿಷ. ದನದ ಆಹಾರದಲ್ಲಿ ಯೂರಿಯಾ, ಕಾಕಂಬಿ ಇರಬಹುದು. ಹೊಟ್ಟೆಯಲ್ಲಿ ನಾಲ್ಕು ಕೋಣೆಯಿರುವ ಹಸುವಿಗೆ ಅದು ಸರಿ, ಮೊಲಕ್ಕಲ್ಲ. ‘ಇದನ್ನೇ ಹಾಕಿ, ಎಲ್ಲವೂ ತಿನ್ನುತ್ತವೆ’ ಎಂದು ಯಾರು ಹೇಳಿದರೂ ಬೇಡ ಎನ್ನಿ.

ಇನ್ನೊಂದು ಬಗೆಯೂ ಇದೆ, ಮಾಂಸಕ್ಕಾಗಿ ಮೊಲ ಸಾಕುವ ಫಾರಂಗಳ ಆಹಾರ. ಬೇಗ ತೂಕ ಬರಲೆಂದು ಅದರಲ್ಲಿ ಪ್ರೋಟೀನ್, ಧಾನ್ಯ ಹೆಚ್ಚಿಡುತ್ತಾರೆ. ಎಂಟ್ಹತ್ತು ವರ್ಷ ಮನೆಯಲ್ಲಿ ಬಾಳಬೇಕಾದ ಮೊಲಕ್ಕೆ ಅದು ಬೊಜ್ಜು ತರುತ್ತದೆ.

ಬಣ್ಣಬಣ್ಣದ ಕಾಳು, ಒಣಹಣ್ಣು, ಚಕ್ಕೆ ಬೆರೆಸಿದ ಮಿಕ್ಸ್ ಪೊಟ್ಟಣ ಕಣ್ಣಿಗೆ ಚೆಂದ. ಮೊಲ ಅದರಲ್ಲಿ ಸಿಹಿಯಾದದ್ದನ್ನು ಮಾತ್ರ ಹೆಕ್ಕಿ ತಿಂದು ಉಳಿದದ್ದನ್ನು ಬಿಡುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಪಶುವೈದ್ಯರ ಅಧ್ಯಯನದಲ್ಲೂ ಇಂಥ ಮಿಕ್ಸ್ ತಿಂದ ಮೊಲಗಳಿಗೆ ಬೊಜ್ಜು, ಹಲ್ಲಿನ ತೊಂದರೆ ಕಂಡಿತ್ತು. ಎಲ್ಲವೂ ಒಂದೇ ಬಣ್ಣ, ಒಂದೇ ಆಕಾರವಿರುವ ಸಪ್ಪೆ ಪೆಲೆಟ್ಟೇ ಒಳ್ಳೆಯದು.

ಹಂತ 4: ಚೀಲದ ಹಿಂಬದಿ ಓದಿ

ಮುಂಬದಿಯ ಮುದ್ದು ಚಿತ್ರ ಬಿಡಿ, ಚೀಲ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ. ಇಂಗ್ಲಿಷಿನಲ್ಲಿದ್ದರೆ ಗಾಬರಿ ಬೇಡ, ಹುಡುಕಬೇಕಾದದ್ದು ನಾಲ್ಕೇ ಪದ.

ಕ್ರೂಡ್ ಫೈಬರ್, ಅಂದರೆ ನಾರು. ಇದು ಶೇಕಡ 18ಕ್ಕಿಂತ ಕಡಿಮೆ ಇರಬಾರದು. 20, 25 ಇದ್ದರೆ ಇನ್ನೂ ಒಳ್ಳೆಯದು. ಮೊದಲು ಇದನ್ನೇ ನೋಡಿ. ಇದು ಸರಿಯಿಲ್ಲದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ, ಚೀಲ ಕೆಳಗಿಡಿ.

ಕ್ರೂಡ್ ಪ್ರೋಟೀನ್ ಬೆಳೆದ ಮೊಲಕ್ಕೆ ಶೇಕಡ 12ರಿಂದ 14 ಸಾಕು. ಮರಿಗೆ 16ರವರೆಗೆ ನಡೆಯುತ್ತದೆ.

ಫ್ಯಾಟ್, ಅಂದರೆ ಕೊಬ್ಬು ಶೇಕಡ 3ರ ಆಸುಪಾಸು ಇರಲಿ.

ಕ್ಯಾಲ್ಸಿಯಂ ಶೇಕಡ ಅರ್ಧದಿಂದ 1ರ ಒಳಗಿರಲಿ. ಮೊಲದ ಮೈ ಆಹಾರದಲ್ಲಿದ್ದ ಕ್ಯಾಲ್ಸಿಯಮ್ಮನ್ನು ಬೇಕು ಬೇಡ ನೋಡದೆ ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅತಿಯಾದರೆ ಮೂತ್ರಕೋಶದಲ್ಲಿ ಕೆಸರು ಕಟ್ಟಿ, ಕಲ್ಲೂ ಆಗಬಹುದು.

ಹಂತ 5: ಏನೇನು ಹಾಕಿದ್ದಾರೆ ನೋಡಿ

ಸಾಮಾನ್ಯವಾಗಿ ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆಯುತ್ತಾರೆ. ಆ ಮೊದಲ ಹೆಸರು ಹುಲ್ಲಿನದ್ದಾಗಿರಬೇಕು: ತಿಮೋಥಿ, ಗ್ರಾಸ್ ಮೀಲ್ ಇತ್ಯಾದಿ. ಆಲ್ಫಾಲ್ಫಾ, ಅಂದರೆ ಕುದುರೆ ಮಸಾಲೆ ಸೊಪ್ಪು, ಮೊದಲಿದ್ದರೆ ಅದು ಮರಿಗಳಿಗೆ. ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು. ಮೆಕ್ಕೆಜೋಳವೋ ಗೋಧಿಯೋ ಮೊದಲಿದ್ದರೆ ಬಿಟ್ಟುಬಿಡಿ.

ಹಂತ 6: ತಯಾರಾದ ತಾರೀಕು ನೋಡಿ

ನಮ್ಮ ಮಲೆನಾಡಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಸ್ವಲ್ಪ ನಿಂತು ಓದಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ, ಹೊಸನಗರದ ಹುಲಿಕಲ್ ಕಡೆಯೂ ಅದಕ್ಕೇನು ಕಡಿಮೆಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಿಗೆಯಲ್ಲಿನ ಉಪ್ಪು ನೀರಾಗುತ್ತದೆ, ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಇನ್ನು ಪೆಲೆಟ್ ಉಳಿದೀತೇ? ಒತ್ತಿ ಕಡ್ಡಿ ಮಾಡಿದ ಹುಲ್ಲಿನ ಪುಡಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಮೊಲದ ಯಕೃತ್ತಿಗೇ ಹೊಡೆಯುತ್ತದೆ. ಬೂಷ್ಟು ಕೆರೆದು ತೆಗೆದರೂ ವಿಷ ಹೋಗುವುದಿಲ್ಲ.

ಆದ್ದರಿಂದ ತಯಾರಾಗಿ ಮೂರು ತಿಂಗಳು ದಾಟದ ಚೀಲವನ್ನೇ ಹುಡುಕಿ. ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ತುಂಬಿಸಿಡುವುದು ಮಲೆನಾಡಿನ ಅಭ್ಯಾಸ, ಒಳ್ಳೆಯ ಅಭ್ಯಾಸವೇ. ಪೆಲೆಟ್ ವಿಷಯದಲ್ಲಿ ಮಾತ್ರ ಅದನ್ನು ಪಾಲಿಸಬೇಡಿ. ಅಗ್ಗಕ್ಕೆ ಸಿಕ್ಕಿತೆಂದು 20 ಕಿಲೋ ಚೀಲ ಹೊತ್ತು ತರಬೇಡಿ. ತಿಂಗಳ ಲೆಕ್ಕದ್ದು ಮಾತ್ರ ಸಾಕು. ನನ್ನನ್ನು ಕೇಳಿದರೆ, ಗೋದಾಮಿನಲ್ಲಿ ಮಳೆಗಾಲ ಕಳೆದ ವಿದೇಶಿ ಬ್ರ್ಯಾಂಡ್‌ಗಿಂತ ಹೋದ ತಿಂಗಳು ತಯಾರಾದ ಸಾಧಾರಣ ಪೆಲೆಟ್ ವಾಸಿ. ಬಾಯಿ ಬಿಚ್ಚಿಟ್ಟ ಗೋಣಿಯಿಂದ ತೂಗಿ ಕೊಡುವುದಕ್ಕೆ ತಾರೀಕೂ ಇಲ್ಲ, ಪಟ್ಟಿಯೂ ಇಲ್ಲ. ಅದು ಬೇಡ.

ಹಂತ 7: ಅಂಗೈ ಮೇಲೆ ಹಾಕಿ ನೋಡಿ

ಮನೆಗೆ ಬಂದ ಮೇಲೆ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಪೆಲೆಟ್ ಹಸಿರುಮಿಶ್ರಿತ ಕಂದು ಬಣ್ಣವಿದ್ದು, ಮುರಿದರೆ ‘ಟಕ್’ ಎನ್ನುತ್ತದೆ. ಮುರಿದ ತುದಿಯಲ್ಲಿ ಹುಲ್ಲಿನ ಸಣ್ಣ ಎಳೆಗಳು ಕಾಣುತ್ತವೆ. ಮೂಗಿಗೆ ಒಣಹುಲ್ಲಿನ ವಾಸನೆ ಬರಬೇಕು. ಮುಗ್ಗಲು ವಾಸನೆಯೋ ಹುಳಿ ವಾಸನೆಯೋ ಬಂದರೆ, ಬೆರಳಿಗೆ ಮೆತ್ತಗಾದರೆ, ಒಂದಕ್ಕೊಂದು ಅಂಟಿದ್ದರೆ ಹಿಂದಿರುಗಿಸಿ. ಚೀಲದ ತಳದಲ್ಲಿ ರಾಶಿ ಪುಡಿಯಿದ್ದರೂ ಒಳ್ಳೆಯದಲ್ಲ, ಆ ಧೂಳು ಮೊಲದ ಮೂಗಿಗೆ ಹೋಗಿ ಸೀನು ಬರಿಸುತ್ತದೆ.

ಇನ್ನೂ ಅನುಮಾನವಿದ್ದರೆ ನಾಲ್ಕು ಪೆಲೆಟ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ಹಾಕಿ. ಅರಳಿ ಬಿಚ್ಚಿಕೊಂಡಾಗ ನಾರು ಕಂಡರೆ ಸಮಾಧಾನ. ಬರೀ ಹಿಟ್ಟಿನ ಗಂಜಿಯಾದರೆ ಧಾನ್ಯವೇ ಹೆಚ್ಚು ಎಂದರ್ಥ.

ಹಂತ 8: ಡಬ್ಬಿಗೆ ತುಂಬಿ

ಬಿಗಿ ಮುಚ್ಚಳದ ಒಣ ಡಬ್ಬಿ ಸಾಕು. ಚೀಲದ ಮೇಲಿನ ತಾರೀಕನ್ನು ಕತ್ತರಿಸಿ ಡಬ್ಬಿಗೆ ಅಂಟಿಸಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬಿ ತೊಳೆದು, ಬಿಸಿಲಿಲ್ಲದಿದ್ದರೆ ಒಲೆಯ ಬಳಿ ಚೆನ್ನಾಗಿ ಒಣಗಿಸಿ ಆಮೇಲೆ ತುಂಬಿ.

ಹಂತ 9: ನಿಧಾನವಾಗಿ ಬದಲಿಸಿ

ಹೊಸ ಪೆಲೆಟ್ಟನ್ನು ಒಂದೇ ದಿನಕ್ಕೆ ಹಾಕಬೇಡಿ, ಹೊಸಬರು ಎಡವುವುದು ಇಲ್ಲೇ. ಮೊದಲೆರಡು ದಿನ ನಾಲ್ಕರಲ್ಲೊಂದು ಪಾಲು ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹೀಗೆ ಎಂಟ್ಹತ್ತು ದಿನ ಹಿಡಿಯಲಿ. ಅದರ ಕರುಳಿನಲ್ಲಿರುವ ಜೀವಾಣುಗಳಿಗೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಜೊತೆಗೆ ಬಿಸ್ಕತ್ತು, ಅನ್ನ, ಹಲಸಿನ ತೊಳೆ ಕೊಡಬೇಡಿ.

ಹಂತ 10: ದಿನಾ ಹಿಕ್ಕೆ ನೋಡಿ

ಉರುಟಾದ, ಒಣ, ಒಂದೇ ಗಾತ್ರದ ಹಿಕ್ಕೆ ಬಂದರೆ ಪೆಲೆಟ್ ಒಗ್ಗಿದೆ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಗಾಬರಿಯಾಗಬೇಡಿ, ಅದು ಅದರ ಸಹಜ ಕ್ರಮ. ಆ ಮೆತ್ತನೆಯದು ತಿನ್ನದೆ ಗೂಡಿನಲ್ಲಿ ಉಳಿಯುತ್ತಿದ್ದರೆ ಪೆಲೆಟ್ ಹೆಚ್ಚಾಗಿದೆ, ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿ.

ಒಳ್ಳೆಯ ಪೆಲೆಟ್ ಸಿಗಲೇ ಇಲ್ಲವೇ? ಚಿಂತೆ ಬೇಡ. ಒಳ್ಳೆಯ ಹುಲ್ಲು, ಬಗೆಬಗೆಯ ಸೊಪ್ಪು ಸಿಗುವ ಬೆಳೆದ ಮೊಲ ಪೆಲೆಟ್ ಇಲ್ಲದೆಯೂ ಚೆನ್ನಾಗಿರುತ್ತದೆ. ಕೆಟ್ಟ ಪೆಲೆಟ್‌ಗಿಂತ ಪೆಲೆಟ್ ಇಲ್ಲದಿರುವುದೇ ಮೇಲು.

ಆದರೆ ಮೊಲ 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ನಾಳೆ ನೋಡೋಣ ಎನ್ನಬೇಡಿ. ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಹೋಗುವಾಗ ಪೆಲೆಟ್ ಚೀಲವನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದ ಮಾತ್ರೆಯನ್ನು ಮಾತ್ರ ಕೊಡಬೇಡಿ: ಮನುಷ್ಯರಿಗೆ ಕೊಡುವ ಅಮಾಕ್ಸಿಸಿಲಿನ್ ಬಾಯಿಂದ ಹೋದರೆ ಮೊಲ ಸಾಯಬಹುದು.