ಸಮುದಾಯ ರೇಡಿಯೋ: ಧ್ವನಿ ನಮ್ಮದು, ತೀರ್ಮಾನ ಯಾರದು?

ಮೈಕಿನ ಮುಂದೆ ನಮ್ಮ ಮಹಿಳೆಯರು ಹಾಡಿದರೆ ಸಾಕೇ? ಯಾವ ಕಾರ್ಯಕ್ರಮ ಬೇಕು, ಹಣ ಹೇಗೆ ಖರ್ಚಾಯ್ತು ಅಂತ ಕೇಳುವ ಹಕ್ಕೂ ಅವರಿಗಿರಬೇಕು ಎನ್ನುತ್ತೇವೆ ನಾವು.

2006ರಲ್ಲಿ ಕೇಂದ್ರ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅವಕಾಶ ಕೊಟ್ಟಿತು. ಆಗಲೇ ಎರಡು ಷರತ್ತು ಹಾಕಿತು:

1. ಆಡಳಿತದಲ್ಲಿ ಆ ಸಮುದಾಯದ ಪ್ರಾತಿನಿಧ್ಯ ಇರಬೇಕು.
2. ಕನಿಷ್ಠ ಶೇ. 50ರಷ್ಟು ಕಾರ್ಯಕ್ರಮಗಳು ಸ್ಥಳೀಯರ ಸಹಭಾಗಿತ್ವದಿಂದ ತಯಾರಾಗಬೇಕು.

ಈಗಿನ ತೆಲಂಗಾಣದ ಮಾಚನೂರಿನಲ್ಲಿ 2008ರಲ್ಲಿ ಶುರುವಾದ ಸಂಘಂ ರೇಡಿಯೋವನ್ನು ದಲಿತ ಮಹಿಳೆಯರೇ ನಡೆಸಿಕೊಂಡು ಬಂದಿದ್ದಾರೆ. ಬೀಜ, ಬೆಳೆ, ಆರೋಗ್ಯ ಕುರಿತು ಮಾತಾಡಿಸುವವರೂ ಅವರೇ, ಧ್ವನಿಮುದ್ರಣ ಮಾಡುವವರೂ ಅವರೇ.

ಸ್ವಯಂಸೇವಕರಿಗೆ ತರಬೇತಿ ಕೊಡೋಣ. ಜೊತೆಗೆ ಸಮಿತಿಯಲ್ಲಿ ಸ್ಥಾನವನ್ನೂ ಕೊಡೋಣ. ಕೆಲಸ ಮಾತ್ರ ಕೊಟ್ಟು ತೀರ್ಮಾನ ನಾವೇ ಇಟ್ಟುಕೊಂಡರೆ ಜನ ನಿಧಾನವಾಗಿ ದೂರ ಸರಿಯುತ್ತಾರೆ.

ಚರ್ಚೆಗೆ: ನಮ್ಮ ಸಂಘದ ಸಭೆಯಲ್ಲಿ ಇನ್ನೂ ಬಾಯಿ ಬಿಡದವರು ಯಾರು? ಯಾಕೆ?