ಆಂಡೀಸಿನ ಹಿಮದ ಇಳಿಜಾರುಗಳು

ನಮ್ಮಲ್ಲಿ ಮುಂಗಾರು ಮಳೆ ಸುರಿಯುವ ತಿಂಗಳುಗಳಲ್ಲಿ ದಕ್ಷಿಣ ಗೋಲಾರ್ಧದ ಚಿಲಿ ದೇಶದಲ್ಲಿ ಚಳಿಗಾಲವಿರುತ್ತದೆ. ಪೆಸಿಫಿಕ್ ಸಾಗರದಿಂದ ಬೀಸುವ ತೇವದ ಗಾಳಿಯು ಆಂಡೀಸ್ ಪರ್ವತಗಳನ್ನೇರುವಾಗ ತಣಿದು, ತನ್ನಲ್ಲಿರುವ ನೀರಾವಿಯನ್ನು ಹಿಮವಾಗಿ ಸುರಿಸುತ್ತದೆ. ಈ ಹಿಮದ ಮೇಲೆ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಜಾರುವವರಿಗೆ ಪ್ರಿಯವಾದ ತಾಣ ಪೋರ್ತಿಯೊ. ಆರ್ಜೆಂಟೀನಾದ ಗಡಿಯ ಸಮೀಪದಲ್ಲಿ, ಸುಮಾರು 2,880 ಮೀಟರ್ ಎತ್ತರದಲ್ಲಿರುವ ಇಲ್ಲಿ ಊರೂ ಇಲ್ಲ, ಕಾಡೂ ಇಲ್ಲ. ಒಂದು ಹೋಟೆಲು, ಅದರೆದುರು ಇಂಕಾ ಸರೋವರ, ಸುತ್ತಲೂ ಕಡಿದಾದ ಬೆಟ್ಟಗಳು ಇವೆ, ಇಷ್ಟೇ. 1966ರ ಆಗಸ್ಟಿನಲ್ಲಿ ವಿಶ್ವ ಸ್ಕೀ ಪಂದ್ಯಗಳು ನಡೆದುದು ಇಲ್ಲಿಯೇ.

ಜಾರಾಟದ ಮರ್ಮವೇನೆಂಬುದನ್ನು ಮೊದಲು ವಿಚಾರಿಸೋಣ. ಉದ್ದನೆಯ ಹಲಗೆಯು ದೇಹದ ಭಾರವನ್ನು ಹರಡುವುದರಿಂದ ಕಾಲು ಹಿಮದಲ್ಲಿ ಹೂತುಹೋಗುವುದಿಲ್ಲ. ಹಲಗೆ ಉಜ್ಜಿದಾಗ ಹುಟ್ಟುವ ಶಾಖದಿಂದ ಹಿಮದ ಮೇಲ್ಮೈ ತುಸು ಕರಗಿ, ನೀರಿನ ತೆಳುಪೊರೆಯು ಎಣ್ಣೆಯಂತೆ ಕೆಲಸಮಾಡುತ್ತದೆ. ಇನ್ನು ಎಳೆಯುವ ಶಕ್ತಿ ಗುರುತ್ವಾಕರ್ಷಣದ್ದು. ಇಳಿಜಾರು 15 ಅಂಶಗಳಷ್ಟಿದ್ದರೆ ದೇಹತೂಕದ ಕಾಲುಭಾಗದಷ್ಟು ಬಲವೂ, 30 ಅಂಶಗಳಷ್ಟಿದ್ದರೆ ಅರ್ಧದಷ್ಟು ಬಲವೂ ಕೆಳಕ್ಕೆ ಸೆಳೆಯುತ್ತದೆ. 1978ರಲ್ಲಿ ಸ್ಟೀವ್ ಮೆಕಿನ್ನಿ ಎಂಬಾತ ಪೋರ್ತಿಯೊದಲ್ಲಿ ಗಂಟೆಗೆ 200 ಕಿಲೋಮೀಟರನ್ನು ಮೀರಿದ ವೇಗದಲ್ಲಿ ಜಾರಿದನು! ಸಾಮಾನ್ಯರು ಅಂಥ ವೇಗಕ್ಕೆ ಆಶಿಸಬಾರದು. ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿ, ಅವುಗಳ ಅಂಚನ್ನು ಹಿಮದಲ್ಲಿ ಊರಿದರೆ ವೇಗ ತಗ್ಗುತ್ತದೆ. ಎಡಕ್ಕೂ ಬಲಕ್ಕೂ ತಿರುಗುತ್ತ ಇಳಿಯುವುದರ ಉದ್ದೇಶ ಇದೇ.

ಹೊಸಬರು ಮೊದಲ ದಿನ ಸೌಮ್ಯವಾದ ಇಳಿಜಾರುಗಳಲ್ಲಿಯೇ ಇರಬೇಕು. ಈ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇಕಡ 70ರಷ್ಟು ಮಾತ್ರ. ಒಂದೊಂದು ಉಸಿರಿನಲ್ಲಿಯೂ ಆಮ್ಲಜನಕ ಕಡಿಮೆ ದೊರೆಯುವುದರಿಂದ ಬೇಗ ಏದುಸಿರು ಬರುತ್ತದೆ, ತಲೆನೋವೂ ಬರುವುದುಂಟು. ನೀರನ್ನು ಧಾರಾಳವಾಗಿ ಕುಡಿದು, ಒಂದೆರಡು ದಿನ ದೇಹವನ್ನು ಹೊಂದಿಸಿಕೊಳ್ಳುವುದು ಲೇಸು. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಕ್ಕೆಸೆಯುತ್ತದೆ. ಕಪ್ಪು ಕನ್ನಡಕವಿಲ್ಲದೆ ಹೊರಡಕೂಡದು.

ಯಾವ ಇಳಿಜಾರಿಗೆ ಯಾವ ಹೊತ್ತು ತಕ್ಕದ್ದು? ಇದಕ್ಕೆ ಸೂರ್ಯನೇ ಉತ್ತರ ಹೇಳುತ್ತಾನೆ. ಇಲ್ಲಿ ಸೂರ್ಯ ಆಕಾಶದ ಉತ್ತರಭಾಗದಲ್ಲಿ ಚಲಿಸುವುದರಿಂದ, ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳು ನೆರಳಿನಲ್ಲಿದ್ದು ಹಿಟ್ಟಿನಂಥ ಒಣಹಿಮವನ್ನು ಬಹುದಿನ ಉಳಿಸಿಕೊಳ್ಳುತ್ತವೆ. ಉತ್ತರಕ್ಕೆ ಮುಖಮಾಡಿದವುಗಳ ಹಿಮ ಹಗಲು ಕರಗಿ ಇರುಳು ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಅದು ಕಲ್ಲಿನಂತೆ ಗಟ್ಟಿ, ಬಿಸಿಲೇರಿದಂತೆ ಜಾರಾಟಕ್ಕೆ ಹಿತ, ಇನ್ನೂ ಹೊತ್ತಾದರೆ ಕೆಸರಿನಂತಾಗಿ ಕುಸಿಯುವ ಭಯ.

ಈ ಭಯ ಸಣ್ಣದಲ್ಲ. ಹಳೆಯ ಹಿಮದ ದುರ್ಬಲ ಪದರದ ಮೇಲೆ ಗಾಳಿ ತಂದ ಹೊಸಹಿಮ ಹಲಗೆಯಂತೆ ಕೂತಿರುವಾಗ, ಒಬ್ಬನ ಭಾರದಿಂದಲೇ ಅದು ಬಿರಿದು ಇಡೀ ರಾಶಿ ಕೆಳಗುರುಳಬಹುದು. ಇಂಥ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಅಂಶಗಳ ಇಳಿಜಾರುಗಳಲ್ಲಿ ಆಗುತ್ತವೆ; ನಿಪುಣರು ಬಯಸುವ ಇಳಿಜಾರುಗಳೂ ಇವೇ ಎಂಬುದನ್ನು ಮರೆಯಬಾರದು. 1965ರ ಆಗಸ್ಟಿನಲ್ಲಿ ಬಿರುಗಾಳಿಯೂ ಹಿಮಕುಸಿತವೂ ಸೇರಿ ಇಲ್ಲಿಯ ಹಲವು ಎಳೆಯಂತ್ರಗಳನ್ನು ನಾಶಮಾಡಿದುವು. ಆಮೇಲೆ ಫ್ರಾನ್ಸಿನ ಜೀನ್ ಪೋಮಗಾಲ್ಸ್ಕಿ ಎಂಬ ಯಂತ್ರಶಿಲ್ಪಿ ಹೊಸ ಉಪಾಯವೊಂದನ್ನು ಕಂಡುಹಿಡಿದನು. ಇಳಿಜಾರಿನಲ್ಲಿ ಕಂಬಗಳೇ ಇಲ್ಲ. ನಾಲ್ಕೈದು ಮಂದಿ ಸಾಲಾಗಿ ನಿಂತು ಹಿಡಿದುಕೊಂಡರೆ ಹಗ್ಗವೇ ಅವರನ್ನು ರಭಸದಿಂದ ಮೇಲಕ್ಕೆಳೆಯುತ್ತದೆ. ಕಂಬವಿಲ್ಲದ ಮೇಲೆ ಹಿಮ ಕೊಚ್ಚುವುದೇನನ್ನು? ರೋಕಾ ಜಾಕ್ ಎಂಬ ಕಡಿದಾದ ಇಳಿಜಾರಿನಲ್ಲಿ ಈ ಯಂತ್ರ ಇಂದಿಗೂ ಕೆಲಸಮಾಡುತ್ತಿದೆ.

ಮನುಷ್ಯನಿಗಾದರೋ ಇಂಥ ಉಪಾಯವಿಲ್ಲ, ವಿವೇಕವೊಂದೇ ಗತಿ. ಹೊಸಹಿಮ ಬಹಳ ಬಿದ್ದ ಮರುದಿನ ಕಾವಲುಗಾರರು ಮುಚ್ಚಿದ ಜಾಗಕ್ಕೆ ಕಾಲಿಡಬಾರದು. ಮೋಡ ಕವಿದಾಗ ನೆರಳುಗಳು ಅಳಿಸಿಹೋಗುತ್ತವೆ; ಮರಗಳೂ ಇಲ್ಲದುದರಿಂದ ಉಬ್ಬುತಗ್ಗು ತಿಳಿಯದು; ಆಗ ಗುರುತುಹಾಕಿದ ದಾರಿಯನ್ನು ಬಿಡಬಾರದು. ಒಬ್ಬರೇ ಎಂದೂ ಹೋಗಬಾರದು.

ಬೆಟ್ಟ ಅಚಲವೆಂದು ನಾವು ಹೇಳುತ್ತೇವೆ. ಆದರೆ ಅದರ ಮೈಮೇಲಿನ ಹಿಮ ಗಂಟೆಗಂಟೆಗೂ ಬದಲಾಗುತ್ತದೆ. ನಿನ್ನೆ ಸುರಕ್ಷಿತವಾಗಿದ್ದ ದಾರಿ ಇಂದೂ ಹಾಗೆಯೇ ಇದ್ದೀತೆಂದು ನಂಬದೆ, ಪ್ರತಿದಿನವೂ ಹೊಸದಾಗಿ ಪರೀಕ್ಷಿಸಿ ಇಳಿಯುವುದೇ ಈ ವಿದ್ಯೆಯ ಮೊದಲ ಪಾಠ.